ಕಾಲಿಗೆ ಕಟ್ಟಿದ ವಾಚು

ಹಸಿ ಮರ ಕೊಯ್ದಾಗ ಏಳುವ ವಾಸನೆ ಎಂದರೆ ಅವಳಿಗೆ ಅಪ್ಪ. ಬಡಗಿ ಅಪ್ಪ ಸಂಜೆ ಮನೆಗೆ ಬಂದು ಅಂಗಿ ಕೊಡವಿದರೆ ಆ ವಾಸನೆ ನಡುಮನೆಯೆಲ್ಲ ಹರಡುತ್ತಿತ್ತು. ಸ್ವಲ್ಪ ಒಗರು, ಸ್ವಲ್ಪ ಸಿಹಿ. ಏಳು ವರ್ಷದ ಹುಡುಗಿ ಆ ಅಂಗಿಯನ್ನೇ ಮುಖಕ್ಕೆ ಒತ್ತಿಕೊಂಡು ನಿದ್ದೆ ಹೋಗುತ್ತಿದ್ದಳು.

ನಲವತ್ತು ವರ್ಷದ ಮೇಲೆ ಅದೇ ವಾಸನೆ ರಕ್ತದ ಜೊತೆ ಕಲೆಸಿಕೊಂಡು ಮೂಗಿಗೆ ಬಡಿದಾಗ ಈಗ ಇನ್ಸ್‌ಪೆಕ್ಟರ್ ಆಗಿದ್ದ ಅವಳು ಗುಂಡಿಯ ಅಂಚಿಗೆ ಇನ್ನೊಂದು ಹೆಜ್ಜೆ ಹತ್ತಿರ ಹೋದಳು.

"ಮೆಲ್ಲಗೆ," ಎಂದಳು. "ತಲೆ ಹಿಡ್ಕೊಳ್ಳಿ. ತಲೆ ಹಿಡಿಯೋರು ಯಾರೂ ಇಲ್ವಾ?"

ಮರದ ಮಿಲ್ಲಿನ ಹೊಟ್ಟಿನ ಗುಂಡಿಯಿಂದ ನಾಲ್ವರು ಸೇರಿ ಮೇಸ್ತ್ರಿಯನ್ನು ಮೇಲೆತ್ತುತ್ತಿದ್ದರು. ಮಧ್ಯಾಹ್ನ ಹಿಂದಿನ ಗೇಟಿನ ಬಳಿ ಅವನ ಮಗಳು ದವಡೆ ಮುರಿದು ಬಿದ್ದಿದ್ದಳು. ಅಪ್ಪ ಎಲ್ಲೂ ಇರಲಿಲ್ಲ. ಮಗಳನ್ನು ಬಡಿದು ಅಪ್ಪ ಓಡಿಹೋದ ಎಂದು ಬೀದಿಯ ಜನ ಆಗಲೇ ತೀರ್ಪು ಕೊಟ್ಟಾಗಿತ್ತು. ಓಡಿಹೋದವನು ಎರಡು ಆಳು ಆಳದ ಹೊಟ್ಟಿನ ಕೆಳಗೆ ಸಿಕ್ಕಿದ್ದ.

ಎಡಗಣ್ಣಿನ ಮೇಲೆ ಹಣೆ ಒಳಕ್ಕೆ ಕುಸಿದಿತ್ತು, ಕುಸಿದ ಅಂಚಿನಲ್ಲಿ ಅರ್ಧ ದುಂಡನೆಯ ಒತ್ತುಗುರುತು. ರಕ್ತಕ್ಕೆ ಹೊಟ್ಟು ಮೆತ್ತಿಕೊಂಡು ಮುಖದ ಅರ್ಧ ಭಾಗ ಕೆತ್ತಿ ಮುಗಿಸದ ಬೊಂಬೆಯ ಹಾಗಿತ್ತು. ಬಲಗೈಯ ಎರಡು ಬೆರಳು ಹಿಂದಕ್ಕೆ ಮುರಿದು ತಿರುಗಿದ್ದವು. ದಫೇದಾರ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ದಿಮ್ಮಿ ಹೊರಳಿಸುವ ಮುದುಕ, ಮಿಲ್ಲಿನವರ ಬಾಯಲ್ಲಿ ದಿಮ್ಮಿತಾತ, ತನ್ನ ಹೆಗಲ ಮೇಲಿನ ಟವೆಲನ್ನು ನಲ್ಲಿಯಡಿ ನೆನೆಸಿ ತಂದ. ಯಾರನ್ನೂ ಕೇಳಲಿಲ್ಲ. ಮೊಣಕಾಲೂರಿ ಹೆಣದ ತುಟಿ ಒರೆಸಲು ಹೋದ.

"ತಾತ, ಮುಟ್ಟಬೇಡಿ," ಎಂದ ದಫೇದಾರ. "ಡಾಕ್ಟರು ನೋಡ್ಬೇಕು."

"ಬಾಯೊಳಗೆಲ್ಲ ಹೊಟ್ಟು ಕಣಪ್ಪಾ," ಎಂದ ತಾತ. ಅವನ ಟವೆಲು ಗಾಳಿಯಲ್ಲೇ ನಿಂತಿತು. "ಗಂಟಲವರೆಗೂ."

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಸತ್ತವನ ಬಾಯಿಗೆ ಹೊಟ್ಟು ಬೀಳಬಹುದು, ಗಂಟಲಿಗೆ ಇಳಿಯುವುದಿಲ್ಲ. ಗಂಟಲಿಗೆ ಇಳಿಯಬೇಕಾದರೆ ಉಸಿರು ಎಳೆದುಕೊಳ್ಳಬೇಕು. ಹೂತಾಗ ಮೇಸ್ತ್ರಿಗೆ ಜೀವವಿತ್ತು.

ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬರಲಿಲ್ಲ. ದಫೇದಾರ ಆಗಲೇ ಮುಖ ತಿರುಗಿಸಿದ್ದ.

"ವಾಚು ಕೈಯಲ್ಲೇ ಇದೆ ಮೇಡಂ," ಎಂದ. "ಫೋನಿಗೆ ಜೋಡಿಸೋ ಹೊಸ ನಮೂನೆ ವಾಚು. ಕಳ್ಳತನಕ್ಕೆ ಬಂದೋನಾಗಿದ್ರೆ ಬಿಡ್ತಿದ್ನಾ?"

ಎಡ ಮಣಿಕಟ್ಟಿನಲ್ಲಿ ಕಪ್ಪು ಪಟ್ಟಿ, ಅದರ ಮೇಲೆ ಚೌಕ ಗಾಜು, ಗಾಜಿನ ಮೇಲೆ ಒಣಗಿದ ರಕ್ತ.

ದಿಮ್ಮಿತಾತ ತಲೆ ಎತ್ತಿದ. "ಕೈಯಲ್ಲಾ? ಅದು ಕೈಗೆ ಹೇಗೆ ಬಂತು?"

"ವಾಚು ಇನ್ನೆಲ್ಲಿ ಕಟ್ತಾರೆ ತಾತ, ಕುತ್ತಿಗೆಗಾ?"

ಮುದುಕ ತನ್ನ ಪ್ಯಾಂಟಿನ ಅಂಚು ಎತ್ತಿದ. ಬಲಗಾಲಿನ ಹರಡಿನ ಮೇಲೆ, ಮೂಳೆಗೆ ಅಂಟಿಕೊಂಡು, ಅಂಥದೇ ಒಂದು ವಾಚು. ಅಕ್ಕಪಕ್ಕ ನಿಂತಿದ್ದ ಇಬ್ಬರೂ ಪ್ಯಾಂಟು ಎತ್ತಿ ತೋರಿಸಿದರು. ಅವರಿಗೂ ಕಾಲಲ್ಲೇ.

"ಗರಗಸದ ಹತ್ರ ಕೈ ಬೋಳಾಗಿರ್ಬೇಕು ತಾಯಿ. ಉಂಗುರ ಇಲ್ಲ, ದಾರ ಇಲ್ಲ, ತುಂಬುತೋಳು ಇಲ್ಲ, ವಾಚೂ ಇಲ್ಲ. ಒಂದು ಎಳೆ ಸಿಕ್ರೆ ಸಾಕು, ಅದು ಇಡೀ ತೋಳನ್ನೇ ಕೇಳುತ್ತೆ. ಈ ವಾಚು ಬಂದ್ಮೇಲೆ ಎಲ್ರೂ ಕಾಲಿಗೆ ಕಟ್ಟೋದು ಕಲಿತ್ರು. ಬಿಚ್ಚಿ ಜೇಬಲ್ಲಿಟ್ರೆ ಬೀಗ ಹಾಕ್ಕೊಂಡು ಕೂತ್ಕೊಳ್ಳುತ್ತೆ, ನಾಲ್ಕು ಅಂಕಿ ಒತ್ತಿದ್ರೇ ಬಾಯಿ ಬಿಡೋದು. ಮೈಗೆ ತಾಗಿರೋ ತನಕ ಮಾತ್ರ ನಂಬಿಕೆ. ನಮ್ಮ ಮನೆಯವಳಿಗಿಂತ ಅನುಮಾನ ಜಾಸ್ತಿ ಇದಕ್ಕೆ."

ಯಾರೋ ಒಬ್ಬರು ನಕ್ಕು, ನಕ್ಕದ್ದಕ್ಕೆ ನಾಚಿ ಬಾಯಿಗೆ ಕೈ ಇಟ್ಟುಕೊಂಡರು.

ಇನ್ಸ್‌ಪೆಕ್ಟರ್ ಹೆಣದ ಪ್ಯಾಂಟಿನ ಅಂಚನ್ನು ಪೆನ್ನಿನಿಂದ ಮೇಲಕ್ಕೆ ಸರಿಸಿದಳು. ಬಲ ಹರಡಿನ ಸುತ್ತ, ಬಿಸಿಲು ಕಾಣದ ಚರ್ಮದ ಬಿಳಿ ಪಟ್ಟೆ. ಎಡ ಮಣಿಕಟ್ಟಿನಲ್ಲಿ ಅಂಥ ಗುರುತು ಇರಲಿಲ್ಲ.

ವಾಚನ್ನು ಯಾರೋ ಕಾಲಿನಿಂದ ಬಿಚ್ಚಿದ್ದರು. ಆಮೇಲೆ ಬೇರೆಲ್ಲರೂ ಕಟ್ಟುವ ಹಾಗೆ ಕೈಗೆ ಕಟ್ಟಿದ್ದರು. ಗರಗಸದ ಮುಂದೆ ಒಂದು ದಿನವೂ ನಿಲ್ಲದವರು ಮಾಡುವ ಕೆಲಸ.

ಅವಳು ತನ್ನ ಫೋನು ತೆಗೆದಳು. ಮೇಸ್ತ್ರಿಯ ಹೆಂಡತಿ ತನ್ನ ಫೋನಿನ ಪರದೆ ತೆಗೆದು ಆಸ್ಪತ್ರೆಯಿಂದ ಕಳಿಸಿದ ಚಿತ್ರ ಅದರಲ್ಲಿತ್ತು. ಅಪ್ಪ, ಅಮ್ಮ, ಮಗಳು ಮೂವರೇ ಇರುವ ಮೆಸೇಜು ಗುಂಪು, ಹೆಸರು 'ಮನೆ'. ಹನ್ನೊಂದು ಐವತ್ತೆರಡಕ್ಕೆ ಅಪ್ಪನಿಂದ ಬಂದ ಸಂದೇಶ: 'ಹಿಂದಿನ ಗೇಟಿಗೆ ಬೇಗ ಬಾ. ನಿನ್ನ ಫೋನು ತಗೊಂಡು ಬಾ.' ಒಲೆಯ ಮುಂದಿದ್ದ ತಾಯಿ ಅದನ್ನು ನೋಡಿರಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ನೋಡಿ ಓಡಿ ಬಂದಿದ್ದಳು. ಈಗ ಆ ಫೋನು ಕಾಣೆ. ಹುಡುಗಿಗೆ ಪ್ರಜ್ಞೆಯಿಲ್ಲ. ಸಂಜೆಯೊಳಗೆ ಕಣ್ಣು ಬಿಡಬಹುದು, ಮಾತಾಡಲಾಗದಿದ್ದರೂ ಬರೆದು ತೋರಿಸಬಹುದು ಎಂದಿದ್ದರು ಡಾಕ್ಟರು. ಗೇಟಿನಲ್ಲಿ ನಿಂತಿದ್ದವನ ಮುಖ ನೋಡಿದ್ದು ಅವಳೊಬ್ಬಳೇ. ಅದು ಅವನಿಗೂ ಗೊತ್ತು.

ಆದ್ದರಿಂದ ಹುಡುಗಿ ಕಣ್ಣು ಬಿಡುವ ಮುಂಚೆ ಅವನು ಬರುತ್ತಾನೆ. ಇನ್ಸ್‌ಪೆಕ್ಟರಿಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಬಾಗಿಲಲ್ಲಿ ಒಬ್ಬ ಮಹಿಳಾ ಕಾನ್‌ಸ್ಟೆಬಲನ್ನು ಕೂರಿಸಿ, ತಾಯಿ ಮತ್ತು ಸೋದರಮಾವನ ಹೊರತು ನರಪಿಳ್ಳೆಯನ್ನೂ ಒಳಗೆ ಬಿಡಬೇಡ ಎಂದು ಹೇಳಿ ಬಂದಿದ್ದಳು.

ಆ ಸೋದರಮಾವ ಇದೇ ಮಿಲ್ಲಿನವನು. ಗರಗಸಕ್ಕೆ ಅರ ಹಾಕಿ ಹಲ್ಲು ಚೂಪು ಮಾಡುವ ಕೆಲಸ. ಹುಡುಗಿ ಮಾವಾ ಎಂದು ಕರೆಯುತ್ತಿದ್ದಳೆಂದು ಎಲ್ಲರಿಗೂ ಅವನು ಹಲ್ಲುಮಾವ ಆಗಿದ್ದ. ತನ್ನದೇ ಮುಂಬಲ್ಲು ಎರಡು ಉದುರಿದ್ದು ಬೇರೆ. ಮಧ್ಯಾಹ್ನ ಸೊಸೆಯನ್ನು ತೋಳಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದವನು ಅವನೇ. ಅವನ ಅಂಗಿಯ ಮೇಲಿನ ರಕ್ತ ನೋಡಿ ನರ್ಸಮ್ಮ ಕುಡಿಯಲು ನೀರು ಕೊಟ್ಟಿದ್ದಳು.

"ತಾತ, ಕಾಲಲ್ಲಿರೋ ವಾಚಿಂದ ನೀವು ಮೆಸೇಜು ಹೇಗೆ ಕಳಿಸ್ತೀರಿ?"

"ದಿಮ್ಮಿ ಬದಲಾಯಿಸೋವಾಗ ಒಂದ್ಸಲ ಬಗ್ಗೋದು, ಒತ್ತೋದು. ನಮ್ಮ ಬೆರಳು ನೋಡಿ, ಇದ್ರಲ್ಲಿ ಅಕ್ಷರ ಬರೆಯೋಕಾಗುತ್ತಾ? ಮೇಸ್ತ್ರಿ ಮಗಳು ನಮ್ಮೆಲ್ರಿಗೂ ಮಾತು ತುಂಬಿಸಿಕೊಟ್ಟಿದ್ದಾಳೆ. ಬಂಗಾರದಂಥ ಹುಡುಗಿ. ಒಂದು ಭಾನುವಾರ ಪೂರ್ತಿ ಕೂತಿದ್ಲು."

ತಾತ ಕಾಲು ಚಾಚಿ ತೋರಿಸಿದ. ಗಾಜಿನ ಮೇಲೆ ಸಾಲಾಗಿ ಆರು ಮಾತು: ಬರ್ತಿದ್ದೀನಿ. ಆಯ್ತು. ಬೇಡ. ಕೆಲಸದಲ್ಲಿದ್ದೀನಿ. ಊಟ ಮಾಡು. ಹುಷಾರು.

"ಅಷ್ಟೇನಾ?"

"ನಲವತ್ತು ವರ್ಷದ ಸಂಸಾರ ತಾಯಿ. ಆರೇ ಜಾಸ್ತಿ."

"ಬಾಯಲ್ಲಿ ಹೇಳಿದ್ರೂ ಅದು ಬರ್ಕೊಳ್ಳುತ್ತಲ್ಲ?"

"ಬರ್ಕೊಳ್ಳುತ್ತೆ, ಮನೇಲಿ. ಇಲ್ಲಿ ಗರಗಸ ಓಡ್ತಿದ್ರೆ ನಮ್ಮ ಮಾತು ನಮಗೇ ಕೇಳಲ್ಲ."

"ಹನ್ನೊಂದು ಐವತ್ತೆರಡಕ್ಕೆ ಗರಗಸ ಓಡ್ತಿತ್ತಾ?"

"ಹನ್ನೆರಡರ ಗಂಟೆ ಹೊಡೆಯೋ ತನಕ ನಿಲ್ಲಿಸಿಲ್ಲ. ಮೇಸ್ತ್ರಿ ಜಾಗದಲ್ಲಿ ಇನ್ನೊಬ್ಬ ನಿಂತಿದ್ದ. ಯಾರೋ ಕರೀತಾರೆ ಅಂತ ಮೇಸ್ತ್ರಿ ಆಗಲೇ ಹೋಗಿದ್ದ."

"ಓಡಿಸಿ," ಎಂದಳು ಇನ್ಸ್‌ಪೆಕ್ಟರ್.

ಗರಗಸ ಓಡಿತು. ಒಂದಾಳೆತ್ತರದ ಎರಡು ಚಕ್ರಗಳ ನಡುವೆ ಹಲ್ಲಿನ ಪಟ್ಟಿ ಮಿಂಚಿ, ಕಣ್ಣಿಗೆ ಕಾಣದಾಯಿತು. ನೆಲ ನಡುಗಿತು. ದಿಮ್ಮಿತಾತ ನಾಲ್ಕು ಅಂಕಿ ಒತ್ತಿ ಕೊಟ್ಟ ವಾಚನ್ನು ತುಟಿಗೆ ಹಿಡಿದು ಅವಳು ಆ ಆರರಲ್ಲಿ ಇಲ್ಲದ, ಮಗಳಿಗೆ ಬಂದ ಎರಡು ವಾಕ್ಯ ಕೂಗಿದಳು. ಗಾಜಿನ ಮೇಲೆ ಚುಕ್ಕೆಗಳು ಸುತ್ತಿ ಸುತ್ತಿ ಖಾಲಿಯಾದವು. ಮತ್ತೆ ಕೂಗಿದಳು. ಮತ್ತೆ ಖಾಲಿ.

"ಪೂರಾ ಕಿವುಡು ಮೇಡಂ," ದಫೇದಾರ ಅವಳ ಕಿವಿಯ ಹತ್ತಿರ ಬಂದು ಕಿರುಚಿದ. "ನಮ್ಮ ಹಿಂದಿನ ಸಾಹೇಬರ ಹಾಗೆ!"

ಗರಗಸ ಓಡುತ್ತಲೇ ಇತ್ತು. ಅವಳು ವಾಚಿಗೆ ಮಾತಾಡುತ್ತ ಅಂಗಳ ದಾಟಿದಳು. ಕಟ್ಟಿಗೆ ರಾಶಿಯ ಹಿಂದೆ ಖಾಲಿ. ನೀರಿನ ತೊಟ್ಟಿಯ ಬಳಿ ಎರಡು ಅಕ್ಷರ. ಮುಂದಿನ ಗೇಟಿಗೆ ಹೊಂದಿಕೊಂಡ ಆಫೀಸಿನ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಪಿಸುಮಾತಿನಲ್ಲಿ ಹೇಳಿದರೂ ಅಕ್ಷರಗಳು ಒಂದರ ಹಿಂದೆ ಒಂದು ಮುತ್ತು ಪೋಣಿಸಿದ ಹಾಗೆ ಬಂದು ಕೂತವು.

ಆಫೀಸಿನ ಹೊರಗೋಡೆಗೆ ಮರದ ಗೂಡುಗಳ ಪೆಟ್ಟಿಗೆಯೊಂದಿತ್ತು. ಗರಗಸದ ಹತ್ತಿರ ಫೋನು ತರಬಾರದೆಂದು ಕೆಲಸದವರೆಲ್ಲ ಬೆಳಿಗ್ಗೆ ಅಲ್ಲೇ ಇಟ್ಟು ಹೋಗುತ್ತಿದ್ದರು. ವಾಚು ಅಲ್ಲಿಂದ ದೂರ ಹೋದರೆ ಸಂದೇಶ ಕಾಯುತ್ತ ಕೂರುತ್ತದೆ. ಹತ್ತಿರ ಬಂದಾಗ ಹಾರುತ್ತದೆ. ಮೇಸ್ತ್ರಿಯ ಫೋನು ಏಳನೆಯ ಗೂಡಿನಲ್ಲಿ ಇನ್ನೂ ಇತ್ತು. ಆಫೀಸಿನ ಮೇಜಿನಿಂದ ಅಲ್ಲಿಗೆ ಹತ್ತು ಹೆಜ್ಜೆ.

"ಏನು ಮೇಡಂ, ವಾಚಿನ ಜೊತೆ ಮಾತಾಡ್ತಿದ್ದೀರಿ?" ಎಂದ ಮೇಜಿನ ಹಿಂದಿದ್ದ ಮ್ಯಾನೇಜರು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಬೆಳ್ಳಿಯ ಪೆನ್ನು, ದುಃಖಕ್ಕೆ ಎಷ್ಟು ಬೇಕೋ ಅಷ್ಟೇ ಬಾಡಿಸಿಕೊಂಡ ಮುಖ. "ಕೂತ್ಕೊಳ್ಳಿ. ಕಾಫಿ ತರಿಸ್ಲಾ?"

"ಬೇಡ." ಅವಳು ನಿಂತೇ ಇದ್ದಳು. ಏನೋ ಸರಿಯಿರಲಿಲ್ಲ. ಕೋಣೆಯಲ್ಲಿ ಸಿಂಪಡಿಸಿದ ಸುಗಂಧದ ಘಮ, ಕಾಗದದ ಘಮ, ಅದರಡಿಯಲ್ಲಿ ಹಸಿ ಮರ. ಆಫೀಸಿನಲ್ಲಿ ಮರ ಯಾರು ಕೊಯ್ದರು?

"ಬೆಳಿಗ್ಗೆ ಇಲ್ಲೇ ಇದ್ರಾ?"

"ಇನ್ನೆಲ್ಲಿಗೆ ಹೋಗ್ಲಿ? ಎಂಟರಿಂದ ಹನ್ನೆರಡರ ತನಕ ಈ ಕುರ್ಚಿ ಬಿಟ್ಟು ಎದ್ದಿಲ್ಲ."

"ಮೇಸ್ತ್ರಿ ಬಂದಿದ್ರಾ?"

"ಇಲ್ಲ."

"ಮೂರು ವಾರದ ಹಿಂದೆ ಗರಗಸಕ್ಕೆ ಸಿಕ್ಕಿ ಒಬ್ಬ ಸತ್ತ. ಗರಗಸದ ಹಲ್ಲು ಮುಚ್ಚೋ ಗಾರ್ಡು ಅವನೇ ತೆಗೆದಿದ್ದ ಅಂತ ನೀವು ಬರೆದುಕೊಟ್ಟಿದ್ದೀರಿ."

"ಹೌದು. ಪಾಪ, ಅವಸರದ ಹುಡುಗ."

"ನಾಳೆ ಮೇಸ್ತ್ರಿ ಹೇಳಿಕೆ ಕೊಡೋದಿತ್ತು. ಅದು ನಿಮಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಿತ್ತು." ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಮೇಡಂ, ನೀವು ಎಲ್ಲಿಗೆ ಬರ್ತಿದ್ದೀರಿ ಅಂತ ಗೊತ್ತಾಗುತ್ತೆ. ಆ ಹುಡುಗಿಗೆ ಪೆಟ್ಟು ಬಿದ್ದಿದ್ದು ಹನ್ನೆರಡು ಹತ್ತಕ್ಕೆ. ಆಗ ನಾನು ಊಟದ ಶೆಡ್ಡಿನಲ್ಲಿ ಇಪ್ಪತ್ತು ಜನರ ಎದುರು ನಿಂತಿದ್ದೆ. ನಿಮ್ಮ ದಫೇದಾರ್ರನ್ನೇ ಕೇಳಿ, ಬರ್ಕೊಂಡಿದ್ದಾರೆ."

"ಹೌದು ಮೇಡಂ," ಎಂದ ದಫೇದಾರ ಬಾಗಿಲಿನಿಂದ. "ಇಪ್ಪತ್ತೆರಡು ಜನ."

"ಮುದ್ರೆ ಸುತ್ತಿಗೆ ಎಲ್ಲಿದೆ?"

ಪೆನ್ನಿನ ಮುಚ್ಚಳ ಅರ್ಧದಲ್ಲಿ ನಿಂತಿತು. "ಯಾವುದು?"

"ದಿಮ್ಮಿಗೆ ಮಿಲ್ಲಿನ ಗುರುತು ಒತ್ತೋ ಸುತ್ತಿಗೆ. ಒಂದು ಏಟಿಗೆ ಮರದ ಮೇಲೆ ದುಂಡು ಮುದ್ರೆ ಕೂರುತ್ತಲ್ಲ, ಅದು. ನಮ್ಮಪ್ಪ ಅಂಥ ಗುರುತು ನೋಡಿಯೇ ಮರ ತರ್ತಿದ್ರು. ಅದು ಮ್ಯಾನೇಜರ ಡ್ರಾಯರು ಬಿಟ್ಟು ಹೊರಗೆ ಹೋಗಲ್ಲ, ಅಲ್ವಾ?"

"ಇದೆ. ಬೀಗದಲ್ಲಿದೆ."

"ಮೇಸ್ತ್ರಿ ಹಣೆ ಮೇಲೂ ಅರ್ಧ ಮುದ್ರೆ ಇದೆ."

ಗಾಜಿನಾಚೆ ಗರಗಸದ ಸದ್ದು ಜೇನುಗೂಡಿನಷ್ಟು ಸಣ್ಣಗೆ ಕೇಳುತ್ತಿತ್ತು. ಅವಳು ಬೂಟಿನ ತುದಿಯಿಂದ ಮೇಜಿನ ಮುಂದಿನ ಚಾಪೆಯನ್ನು ಮಡಚಿದಳು. ಅಡಿಯಲ್ಲಿ ಅಂಗೈಯಗಲದ ಹೊಟ್ಟು, ಮೆತ್ತಗೆ ಒತ್ತಿ ಹರಡಿದ್ದು. ಮಧ್ಯದಲ್ಲಿ ಕಪ್ಪಗೆ ಗಟ್ಟಿಯಾಗಿತ್ತು.

"ಎಣ್ಣೆ ಚೆಲ್ಲಿತ್ತು," ಎಂದ ಮ್ಯಾನೇಜರು.

"ಡ್ರಾಯರು ತೆಗೀರಿ."

ಅವನು ಕೀಲಿ ತಿರುಗಿಸಿ ಡ್ರಾಯರು ಎಳೆದ. ಕೈ ಒಳಗೆ ಹೋಯಿತು. ಹೊರಗೆ ಬಂದಾಗ ಅದರಲ್ಲಿ ಒಂದು ಮೊಳದ ಹಿಡಿಕೆಯ ಕಬ್ಬಿಣದ ಸುತ್ತಿಗೆಯಿತ್ತು, ಮೊದಲ ಏಟಿಗೆ ಆಗಲೇ ಎತ್ತಿಯೂ ಆಗಿತ್ತು.

ಅದು ಅವಳ ತಲೆಗೆ ಬರುತ್ತಿತ್ತು. ದಫೇದಾರ ಮಧ್ಯೆ ನುಗ್ಗಿದ. ಐವತ್ತಾರು ವರ್ಷದ, ಮಂಡಿನೋವಿನ ಮನುಷ್ಯ ಅಷ್ಟು ಬೇಗ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಸುತ್ತಿಗೆ ಅವನ ಕುತ್ತಿಗೆಯ ಬುಡಕ್ಕೆ ಬಿತ್ತು. ಒಣ ಕೊಂಬೆ ಮುರಿದಂತೆ ಕೊರಳೆಲುಬು ಮುರಿಯಿತು. ಅವನು ಸದ್ದಿಲ್ಲದೆ ಕುಸಿದು ಕೂತ.

ಎರಡನೆಯ ಏಟು ಬಾಗಿಲಿಗೆ. ಗಾಜು ಒಡೆದು ಸುರಿಯಿತು, ಅದರ ಹಿಂದೆಯೇ ಗರಗಸದ ಅಬ್ಬರ ಪ್ರವಾಹದಂತೆ ಒಳನುಗ್ಗಿತು. ಮ್ಯಾನೇಜರು ಗಾಜು ತುಳಿದುಕೊಂಡು ಗರಗಸದ ಶೆಡ್ಡಿನ ಕಡೆಗೆ ಓಡಿದ. ಮುಂದಿನ ಗೇಟಿನಲ್ಲಿ ಪೊಲೀಸ್ ಜೀಪಿತ್ತು, ಹಿಂದಿನ ಗೇಟಿಗೆ ಅದೇ ದಾರಿ.

ಇನ್ಸ್‌ಪೆಕ್ಟರ್ ದಫೇದಾರನ ಮುಖ ನೋಡಿದಳು.

"ಹೋಗಿ," ಎಂದ ಅವನು ಹಲ್ಲು ಕಚ್ಚಿ. "ನಾನೇನು ಓಡಿಹೋಗಲ್ಲ."

ಶೆಡ್ಡಿನಲ್ಲಿ ಮ್ಯಾನೇಜರನ್ನು ಅಡ್ಡಗಟ್ಟಿದವನಿಗೆ ಸುತ್ತಿಗೆ ಮೊಣಕೈಗೆ ಬಿತ್ತು. ಎರಡನೆಯವನಿಗೆ ಬಾಯಿಗೆ, ಹಲ್ಲು ಹೊಟ್ಟಿನ ಮೇಲೆ ಉದುರಿದವು. ಮೂರನೆಯವನು ಹತ್ತಿರ ಬರಲಿಲ್ಲ. ಇನ್ಸ್‌ಪೆಕ್ಟರ್ ಹಿಂದಿನಿಂದ ಅವನ ಸೊಂಟಕ್ಕೆ ಹಾರಿದಳು. ಇಬ್ಬರೂ ಗರಗಸದ ಉದ್ದನೆಯ ಮೇಜಿನ ಮೇಲೆ ಬಿದ್ದರು. ಅವಳ ತಲೆ ದಿಮ್ಮಿಗೆ ಬಡಿದು ಕಣ್ಣಿಗೆ ಕತ್ತಲೆ ಕವಿಯಿತು. ಬಾಯಲ್ಲಿ ಉಪ್ಪು, ಹೊಟ್ಟು. ಒಂದಡಿ ದೂರದಲ್ಲಿ ಹಲ್ಲಿನ ಪಟ್ಟಿ ಗಾಳಿ ಸೀಳುತ್ತಿತ್ತು. ಅದನ್ನು ಓಡಿಸಿ ಎಂದವಳು ತಾನು, ನಿಲ್ಲಿಸಿ ಎನ್ನಲು ಮರೆತವಳೂ ತಾನೇ.

ಅವನು ಅವಳ ಕೂದಲು ಹಿಡಿದು ತಲೆಯನ್ನು ಗರಗಸದ ಕಡೆಗೆ ಎಳೆದ. ಒಂದು ಗೇಣು. ಅರ್ಧ ಗೇಣು. ಅವಳು ಹೆಬ್ಬೆರಳನ್ನು ಅವನ ಕಣ್ಣಿಗೆ ಒತ್ತಿದಳು. ಅವನು ಕಿರುಚಿ, ಸಮತೋಲ ತಪ್ಪಿ, ಆಸರೆಗೆಂದು ಬಲಗೈ ಚಾಚಿದ. ದಿಮ್ಮಿಯನ್ನು ಒಳಕ್ಕೆಳೆಯುವ ಎರಡು ಉರುಳೆಗಳ ನಡುವೆ ಅವನ ಇಸ್ತ್ರಿ ಮಾಡಿದ ತೋಳಿನ ಅಂಚು ಸಿಕ್ಕಿತು.

ಒಂದು ಎಳೆ. ಉಳಿದದ್ದನ್ನು ಯಂತ್ರ ತಾನೇ ಕೇಳಿ ಪಡೆಯಿತು.

ಬೆರಳು, ಮಣಿಕಟ್ಟು, ಮುಂಗೈ. ಅವನ ಕೂಗು ಗರಗಸದ ಸದ್ದಿಗಿಂತ ಮೇಲೆ ಹೋಯಿತು. ಅವಳು ಅವನ ಭುಜ ತಬ್ಬಿ ಹಿಂದಕ್ಕೆ ಜಗ್ಗಿದಳು, ಆದರೆ ಯಂತ್ರದ ಎಳೆತ ಹೆಚ್ಚಿತ್ತು. ದಿಮ್ಮಿತಾತ ಉದ್ದನೆಯ ಕೋಲು ಹಿಡಿದು ಓಡಿ ಬಂದು, ಅಡಿಯಲ್ಲಿದ್ದ ಬೆಲ್ಟನ್ನು ಒಂದೇ ಏಟಿಗೆ ಚಕ್ರದಿಂದ ಹಾರಿಸಿದ. ಉರುಳೆ ಮೊಣಕೈ ಹತ್ತಿರ ಬಂದು ನಿಂತಿತು. ಗರಗಸ ಉಸಿರು ಬಿಡುತ್ತ ನಿಧಾನವಾಯಿತು.

ಆಮೇಲಿನ ಮೌನದಲ್ಲಿ ರಕ್ತ ಹೊಟ್ಟಿಗೆ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ಇನ್ಸ್‌ಪೆಕ್ಟರ್ ತನ್ನ ಬೆಲ್ಟು ಬಿಚ್ಚಿ ಅವನ ತೋಳಿನ ಮೇಲೆ ಬಿಗಿದಳು. ಉರುಳೆ ಸಡಿಲಿಸಿ ಕೈ ಹೊರಗೆ ತೆಗೆದಾಗ ಅದು ಕೈಯಾಗಿ ಉಳಿದಿರಲಿಲ್ಲ. ಕೆಲಸದವರು ಸುತ್ತ ನಿಂತಿದ್ದರು. ಅವರಲ್ಲೊಬ್ಬ ಸುತ್ತಿಗೆ ಎತ್ತಿಕೊಂಡಿದ್ದ. ದಿಮ್ಮಿತಾತ ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿ, ತಾನು ಕೂತು, ಮ್ಯಾನೇಜರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ನೀರು ತನ್ನಿ ಯಾರಾದ್ರೂ," ಎಂದ.

"ಇವನಿಗಾ ತಾತ?"

"ಬಾಯಾರಿಕೆಗೆ ಒಳ್ಳೇವರು ಕೆಟ್ಟವರು ಅಂತ ಇಲ್ಲ ಕಣೋ. ತಾ."

ಮ್ಯಾನೇಜರು ಎರಡು ಗುಟುಕು ಕುಡಿದ. ತುಟಿ ನೀಲಿಯಾಗಿತ್ತು. "ಹೊಡೆದದ್ದು ನಾನು," ಎಂದ. "ಗಾರ್ಡು ಇಲ್ಲದ ಗರಗಸದ ಫೋಟೋ ಇದೆ ಅಂದ ಮೇಸ್ತ್ರಿ. ಅವತ್ತು ಮಗಳು ಔಷಧಿ ಕೊಡೋಕೆ ಬಂದೋಳು ತೆಗೆದಿದ್ಲಂತೆ. ಮರುದಿನ ನಾನು ಸತ್ತವನ ಮೇಲೆ ಸುಳ್ಳು ಬರೆಸ್ದಾಗ ಸುಮ್ಮನಿದ್ದ. ನಾಳೆ ತೋರಿಸ್ತೀನಿ ಅಂದ... ಒಂದೇ ಏಟು. ಸತ್ತ ಅಂದ್ಕೊಂಡೆ."

"ಆಮೇಲೆ ಅವರ ವಾಚಿಗೆ ಮಾತಾಡಿ ಮಗಳನ್ನ ಕರೆಸ್ದೆ."

"ನಾನಲ್ಲ."

"ಆ ಹೊತ್ತಿಗೆ ಆಫೀಸಿನಲ್ಲಿ ನೀನೊಬ್ಬನೇ ಇದ್ದೆ."

"ಒಬ್ಬನೇ ಅಂತ ಹೇಳಿದ್ದು ನಾನು." ಅವನು ನಗಲು ಹೋದ, ಮುಖ ಕಿವುಚಿತು. "ಮೇಡಂ, ವಾಚು ಕಾಲಲ್ಲಿರುತ್ತೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ನಾನು ಹುಡುಕಿದ್ದು ಜೇಬು. ಅವನು ಬಂದ, ನೇರವಾಗಿ ಪ್ಯಾಂಟು ಎತ್ತಿದ, ಬಿಚ್ಚಿದ. ಬೀಗ ಬಿತ್ತು. ನಾಲ್ಕು ಅಂಕಿ ಒತ್ತಿದ, ತೆಗೀತು. ಹುಡುಗಿ ಮನೇಲಿ ಅದನ್ನ ಹಾಕಿಕೊಡೋವಾಗ ಪಕ್ಕದಲ್ಲೇ ಕೂತು ನೋಡಿದ್ನಂತೆ. ಮಾತಾಡಿ ಕಳಿಸಿದ. ವಾಚು ನನ್ನ ಕೈಗೆ ಕೊಟ್ಟು, ವಾಪಸ್ಸು ಕಟ್ಟು ಅಂದ, ಹಿಂದಿನ ಗೇಟಿಗೆ ಹೋದ. ಎಲ್ಲಿಗೆ ಕಟ್ಟು ಅಂತ ಹೇಳಲಿಲ್ಲ."

ಇನ್ಸ್‌ಪೆಕ್ಟರಿನ ಕೈ ಬೆಲ್ಟಿನ ಮೇಲೆ ನಿಂತುಹೋಯಿತು.

"ಗಾರ್ಡು ಬಿಚ್ಚಿದ್ದು ಅವನ ಕೈ," ಎಂದ ಮ್ಯಾನೇಜರು. "ನಾನು ಹೇಳಿದೆ, ಅವನು ಬಿಚ್ಚಿದ. ಪಟ್ಟಿ ಬೇಗ ಬದಲಾಯಿಸ್ಬಹುದು ಅಂತ. ಆ ಫೋಟೋ ಹೊರಗೆ ಬಂದ್ರೆ ಇಬ್ರೂ ಜೈಲಿಗೆ. ಹುಡುಗಿ ಫೋನು ಕಿತ್ಕೊಂಡ್ರೆ ಸಾಕಾಗಿತ್ತು. ಅವಳು ಅವನ ಮುಖ ನೋಡಿ 'ಮಾವಾ' ಅಂದ್ಲಂತೆ. ಅಷ್ಟರಲ್ಲಿ ಯಾರೋ ಕೈ ತೊಳೆಯೋಕೆ ಆ ಕಡೆ ಬಂದ್ರು. ಬೇರೆ ದಾರಿ ಇಲ್ದೆ... ಎತ್ಕೊಂಡು ಓಡಿದ. ಜನ ಎಲ್ಲ ಅವನ ಹಿಂದೆ ಓಡಿದಾಗ್ಲೇ ನಾನು ಮೇಸ್ತ್ರಿನ ಹೊಟ್ಟಿನ ಗಾಡೀಲಿ ಹಾಕಿ ಗುಂಡಿಗೆ ತಳ್ಳಿದ್ದು."

ದಿಮ್ಮಿತಾತನ ಬಾಯಿ ತೆರೆದೇ ಇತ್ತು. "ಹಲ್ಲುಮಾವ," ಎಂದ ಕೊನೆಗೆ, ಯಾರಿಗೂ ಅಲ್ಲದ ಹಾಗೆ. "ಸ್ವಂತ ತಂಗಿ ಮಗಳು."

ಇನ್ಸ್‌ಪೆಕ್ಟರ್ ಆಗಲೇ ಓಡುತ್ತಿದ್ದಳು.

ಜೀಪು ಗೇಟು ದಾಟುವಾಗ ಎದುರಿಗೊಂದು ಬಾಡಿಗೆ ಕಾರು ಬಂದು ನಿಂತಿತು. ಅದರಿಂದ ಮೇಸ್ತ್ರಿಯ ಹೆಂಡತಿ ಇಳಿದಳು, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು. ಗಂಡನ ಗುರುತು ಹಿಡಿಯಲು ಅವಳನ್ನು ಕರೆಸಿದ್ದು ಪೊಲೀಸರೇ.

"ಮಗು ಹತ್ರ ಯಾರಿದ್ದಾರಮ್ಮಾ?"

"ಅಣ್ಣ ಇದ್ದಾನೆ," ಎಂದಳು ಆಕೆ. "ನೀನು ಹೋಗು, ನಾನು ನೋಡ್ಕೊತೀನಿ ಅಂದ. ಮೇಡಂ, ಒಳಗೆ ಸಿಕ್ಕಿರೋದು... ಇವರೇನಾ?"

ಅದಕ್ಕೆ ಉತ್ತರ ಕೊಡುವಷ್ಟು ಹೊತ್ತು ಇನ್ಸ್‌ಪೆಕ್ಟರಿನ ಬಳಿ ಇರಲಿಲ್ಲ. ಅದಕ್ಕಾಗಿ ಆಮೇಲೆ ಎಷ್ಟೋ ದಿನ ಅವಳಿಗೆ ತನ್ನ ಮೇಲೆ ಬೇಸರವಿತ್ತು.

ಕಾನ್‌ಸ್ಟೆಬಲಿನ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ವಾರ್ಡಿನಲ್ಲಿ ಸದ್ದು ಮಾಡಬಾರದೆಂದು ಮೌನಕ್ಕೆ ಹಾಕಿರುತ್ತಾಳೆ. ಆಸ್ಪತ್ರೆಯ ವಿಚಾರಣೆ ಕೌಂಟರಿನವರು ಎತ್ತಿ, "ಲೈನಲ್ಲಿರಿ" ಎಂದು ಹೇಳಿ ಮರೆತುಬಿಟ್ಟರು. ಕಂಟ್ರೋಲ್ ರೂಮಿನವರು ಹತ್ತು ನಿಮಿಷದಲ್ಲಿ ಜನ ಕಳಿಸುತ್ತೇವೆ ಎಂದರು. ಆಸ್ಪತ್ರೆಗೆ ಏಳೇ ನಿಮಿಷ. ಅವಳು ಐದರಲ್ಲಿ ಮುಟ್ಟಿದಳು. ಒಂದು ತಳ್ಳುಗಾಡಿ ಉರುಳಿತು, ಒಂದು ಸ್ಕೂಟರಿನವನು ಆಡಬಾರದ ಬೈಗುಳವೆಲ್ಲ ಆಡಿದ.

ಲಿಫ್ಟಿನ ಮುಂದೆ ಸ್ಟ್ರೆಚರುಗಳ ಸಾಲು. ಮೆಟ್ಟಿಲು ಎಡಗಡೆಯೋ ಬಲಗಡೆಯೋ? ಮಧ್ಯಾಹ್ನ ಹುಡುಗಿಯನ್ನು ನೋಡಲು ಬಂದಾಗ ಯಾರದೋ ಹಿಂದೆ ನಡೆದಿದ್ದಳು. ಎಡಕ್ಕೆ ತಿರುಗಿ, ಮೂರು ಮಹಡಿ ಹತ್ತಿ, ಉಸಿರು ಕಿತ್ತುಕೊಂಡು ಉದ್ದನೆಯ ವರಾಂಡಕ್ಕೆ ಬಂದಳು.

ತಪ್ಪು ಕಟ್ಟಡ. ಗಾಜಿನ ಕಿಟಕಿಯಾಚೆ ನಡುವೆ ಖಾಲಿ ಅಂಗಳ, ಅದರಾಚೆ ಇಂಥದೇ ಇನ್ನೊಂದು ವರಾಂಡ, ಇಂಥದೇ ಗಾಜು. ಆ ಗಾಜಿನ ಹಿಂದೆ ಹುಡುಗಿಯ ಕೋಣೆಯ ಬಾಗಿಲು, ಬಾಗಿಲಿಗೆ ಬೆನ್ನು ಹಚ್ಚಿ ಕುರ್ಚಿಯ ಮೇಲೆ ಕಾನ್‌ಸ್ಟೆಬಲ್. ಪಾಪ, ಎಳೆ ವಯಸ್ಸಿನವಳು. ಒಂದು ಗಂಟೆಯಿಂದ ಅಲ್ಲಿಂದ ಅಲುಗಾಡಿರಲಿಲ್ಲ.

ಇನ್ಸ್‌ಪೆಕ್ಟರ್ ಎರಡೂ ಮುಷ್ಟಿಯಿಂದ ಗಾಜು ಬಡಿದಳು. ಕೂಗಿದಳು. ಈ ಕಡೆಯ ರೋಗಿಗಳೆಲ್ಲ ತಿರುಗಿ ನೋಡಿದರು. ಆ ಕಡೆ ಯಾರೂ ನೋಡಲಿಲ್ಲ.

ಅಲ್ಲಿ, ರಕ್ತದ ಅಂಗಿಯನ್ನು ಬದಲಾಯಿಸಿ ತಲೆ ಬಾಚಿಕೊಂಡಿದ್ದ ಹಲ್ಲುಮಾವ ವರಾಂಡದ ತುದಿಯಿಂದ ಸದ್ದಾಗದಂತೆ ನಡೆದು ಬಂದ. ಕಾನ್‌ಸ್ಟೆಬಲ್ ಎದ್ದು ನಿಂತಳು, ಅವನಿಗೆ ದಾರಿ ಬಿಡಲು ಕುರ್ಚಿಯನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸಿದಳು. ಅವನು ಅವಳ ಮುಖವನ್ನು ಒಂದು ಗಳಿಗೆ ಮಮತೆಯಿಂದ ನೋಡಿದ. ಆಮೇಲೆ ಚೀಲದಿಂದ ಬಿಸಿ ಊಟದ ಡಬ್ಬಿ ತೆಗೆದು ಎರಡೂ ಕೈಯಲ್ಲಿ ಅವಳ ಕೈಗಿಟ್ಟು, ಸೊಸೆ ಮಲಗಿದ್ದ ಕೋಣೆಯ ಬಾಗಿಲಿಗೆ ಕೈ ಚಾಚಿದ.